ಸಹಾಯ ಬೇಕು: 1966ರ ಜೂನ್‌ನಲ್ಲಿ ಬಂದ 50 ಪೌಂಡ್‌ಗೆ ಎಷ್ಟು ರೂಪಾಯಿ ಸಿಕ್ಕಿರುತ್ತೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಲಂಡನ್‌ನಲ್ಲಿದ್ದ ದೊಡ್ಡಜ್ಜ ಆಗಾಗ ಕಳಿಸುತ್ತಿದ್ದ ದುಡ್ಡೆಲ್ಲ ಅದರಲ್ಲಿದೆ. ಅಪ್ಪನ ಕಾಲೇಜು ಫೀಸು ಕಟ್ಟಿದ್ದು ಅದರಲ್ಲೇ ಅಂತ ಅಜ್ಜಿ ಹೇಳ್ತಾರೆ. ಅವರಿಗೆ ಈಗ 88. ಅವರಿರುವಾಗಲೇ ಪೂರ್ತಿ ಲೆಕ್ಕ ಓದಿ ಹೇಳಬೇಕು ಅಂತ ನನ್ನ ಆಸೆ.

1966ರ ಮಾರ್ಚ್‌ನಲ್ಲಿ 50 ಪೌಂಡ್‌ಗೆ 666 ರೂಪಾಯಿ ಚಿಲ್ಲರೆ ಅಂತಿದೆ. ಪೌಂಡ್‌ಗೆ 13.33, ಸರಿಹೋಗುತ್ತೆ. 1968ರಲ್ಲಿ ಅದೇ 50 ಪೌಂಡ್‌ಗೆ 900. ಅದೂ ಸರಿಯೇ. 1966ರ ಜೂನ್ 6ಕ್ಕೆ ರೂಪಾಯಿ ಅಪಮೌಲ್ಯವಾಗಿ ಪೌಂಡ್ 21 ರೂಪಾಯಿ ಆಯ್ತು, 1967ರ ನವೆಂಬರ್‌ನಲ್ಲಿ ಬ್ರಿಟನ್ನೇ ಪೌಂಡ್ ಇಳಿಸಿದ ಮೇಲೆ 18ಕ್ಕೆ ಬಂತು.

ಸಿಕ್ಕಿಹಾಕಿಕೊಂಡಿರೋದು ನಡುವಿನ ಒಂದು ಸಾಲಿನಲ್ಲಿ. ಜೂನ್ 3, ಶುಕ್ರವಾರ 50 ಪೌಂಡ್ ಡ್ರಾಫ್ಟ್ ಮಾಡಿಸಿ ಕಳಿಸಿದ್ದೀನಿ ಅಂತ ದೊಡ್ಡಜ್ಜನ ಕಾಗದದಲ್ಲಿದೆ. ಇಲ್ಲಿ ಬ್ಯಾಂಕಿಗೆ ಜಮಾ ಆಗಿದ್ದು ಜೂನ್ 14ಕ್ಕೆ. ಮೊತ್ತದ ಜಾಗದಲ್ಲಿ ನೀರು ಬಿದ್ದು ನೀಲಿ ಶಾಯಿ ಪೂರ್ತಿ ಹರಡಿದೆ. ಭೂತಗನ್ನಡಿ ಹಿಡಿದೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ, ಕೊನೆಯ ಸೊನ್ನೆಯೋ ಆರೋ ಅನ್ನೋದೂ ಗೊತ್ತಾಗಲಿಲ್ಲ. ಆನ್‌ಲೈನ್‌ನಲ್ಲಿ ಸಿಗೋದು ವರ್ಷದ ಸರಾಸರಿ ದರ. ಒಂದೇ ವರ್ಷದಲ್ಲಿ ಎರಡು ದರ ಇದ್ದಾಗ ಅದರಿಂದ ಏನೂ ಪ್ರಯೋಜನವಿಲ್ಲ.

ಆ ಕಾಲದ ಬ್ಯಾಂಕ್ ಕೆಲಸ ಗೊತ್ತಿರೋ ಹಿರಿಯರು ದಯವಿಟ್ಟು ತಿಳಿಸಿ: ಪೌಂಡ್‌ನಲ್ಲಿ ಬರೆದ ಡ್ರಾಫ್ಟ್‌ಗೆ ಅಲ್ಲಿ ಮಾಡಿಸಿದ ದಿನದ ದರ ಹಾಕ್ತಿದ್ರಾ, ಇಲ್ಲಿ ಜಮಾ ಆದ ದಿನದ ದರಾನಾ? ಅಂದರೆ ನಾನು ಬರೆಯಬೇಕಾದ್ದು 666 ರೂಪಾಯಿಯೋ, 1,050 ರೂಪಾಯಿಯೋ?