ಕುತ್ತಿಗೆ ಡಿಸ್ಕ್, ಕೈಗೆ ಜೋಮು: ತಮ್ಮನಿಗೆ ಫಿಸಿಯೋಥೆರಪಿ ಹೆಂಗೆ ಮಾಡಿಸೋದು?

ಕೇಳಿದವರು, ಬಳ್ಳಾರಿ:
ನನ್ನ ತಮ್ಮ ಇಲ್ಲೇ ಜೀನ್ಸ್ ಹೊಲಿಯೋ ಯೂನಿಟ್‌ನಾಗೆ ಟೇಲರ್, ವಯಸ್ಸು 38. ಸಿ6-ಸಿ7 (ಕುತ್ತಿಗೆಯ ಆರನೇ, ಏಳನೇ ಮೂಳೆ) ನಡುವಿನ ಡಿಸ್ಕ್, ಅಂದ್ರೆ ಮೆತ್ತೆ, ಹೊರಗೆ ಬಂದು ಎಡಗಡೆ ನರ ಒತ್ತಿದೆ ಅಂತ ಎಂಆರ್‌ಐನಾಗೆ ಬಂದೈತೆ. ಎಡಗೈ ನಡುಬೆರಳು ಜೋಮು ಹಿಡಿಯುತ್ತೆ. ಆಪರೇಷನ್ ಈಗ ಬೇಡ, ಆರು ವಾರ ಫಿಸಿಯೋಥೆರಪಿ ಮಾಡಿಸಿ ಅಂದ್ರು ಡಾಕ್ಟರ್. ಮನೇಲಿ ಏನೇನು ಮಾಡಿಸಬೇಕು? ಕುತ್ತಿಗೆ ಎಳೆಯೋ ಟ್ರಾಕ್ಷನ್ ಒಳ್ಳೇದಾ? ಕಟಿಂಗ್ ಶಾಪ್‌ನಾಗೆ ಒಮ್ಮೆ ಲಟಿಕೆ ತೆಗೆಸಿದ್ರೆ ಹೋಗುತ್ತೆ ಅಂತಾರೆ ಕೆಲವರು.

ಫಿಸಿಯೋಥೆರಪಿಸ್ಟ್, ಬಳ್ಳಾರಿ:
ಅಕ್ಕಾ, ಲಟಿಕೆ ಮಾತ್ರ ಬೇಡವೇ ಬೇಡ. ತಲೆ ಹಿಡಿದು ಜರ್ಕ್ ಕೊಟ್ಟು ತಿರುವಿದರೆ ಡಿಸ್ಕ್ ಇನ್ನಷ್ಟು ಹೊರಬರಬಹುದು. ಕುತ್ತಿಗೆಯೊಳಗೆ ಮಿದುಳಿಗೆ ಹೋಗುವ ರಕ್ತನಾಳದ ಪದರ ಹರಿದರೆ ಪಾರ್ಶ್ವವಾಯು ಹೊಡೆಯಬಹುದು.

ವ್ಯಾಯಾಮ ಸರಿ ಹೋಗ್ತಿದೆಯಾ ಅನ್ನೋದನ್ನ ನೋವು ಎಷ್ಟಿದೆ ಅಂತ ಅಲ್ಲ, ಎಲ್ಲಿದೆ ಅಂತ ನೋಡಿ ತಿಳ್ಕೋಬೇಕು. ಬೆರಳಿನ ಜೋಮು ಮೊಣಕೈಗೆ, ಅಲ್ಲಿಂದ ಭುಜಕ್ಕೆ ಏರ್ತಾ ಬಂದರೆ ಒಳ್ಳೇದು, ಆಗ ಕುತ್ತಿಗೆ ಒಂದಿಷ್ಟು ಹೆಚ್ಚು ನೋವಾದರೂ ಗಾಬರಿ ಬೇಡ. ಭುಜದಿಂದ ಬೆರಳಿಗೆ ಇಳಿದು ಅಲ್ಲೇ ಕೂತರೆ ಆ ವ್ಯಾಯಾಮ ನಿಲ್ಲಿಸಿ.

ಮೊದಲು ಮಲಗಿ ಮಾಡೋದು. ಅಂಗಾತ ಮಲಗಿ ಮೊಣಕಾಲು ಮಡಚಲಿ, ತಲೆ ಕೆಳಗೆ ಎರಡು-ಮೂರು ಸೆಂ.ಮೀ. ದಪ್ಪಕ್ಕೆ ಮಡಚಿದ ಟವೆಲ್. "ಹೂಂ" ಅಂತ ತಲೆ ಆಡಿಸಿದಷ್ಟೇ ಮೆಲ್ಲಗೆ ಗದ್ದ ಒಳಗೆಳೆದು 5 ಸೆಕೆಂಡು ಹಿಡಿಯೋದು, 10 ಸಲ, ಬೆಳಗ್ಗೆ-ಸಂಜೆ. ಹತ್ತಕ್ಕೆ ಎಂಟು ಜನ ಇಲ್ಲೇ ತಪ್ಪೋದು: ತಲೆಯನ್ನೇ ಎತ್ತಿಬಿಡ್ತಾರೆ. ಕತ್ತಿನ ಪಕ್ಕದಲ್ಲಿ ಬೆರಳಿಟ್ಟು ನೋಡಿ, ಹಗ್ಗದಂಥ ಸ್ನಾಯು ಬಿಗಿದು ಎದ್ದು ಬಂದರೆ ಬಲ ಜಾಸ್ತಿಯಾಯ್ತು ಅಂತ ಅರ್ಥ. ಒಳಗಿನ ಸಣ್ಣ ಸ್ನಾಯುಗಳಿಗೆ ಕೆಲಸ ಸಿಗಬೇಕಾದ್ದು, ಹೊರಗಿನದಕ್ಕಲ್ಲ. ಹಗುರ ಅನ್ನಿಸಿದ ಮೇಲೆ 10 ಸೆಕೆಂಡಿಗೆ ಏರಿಸಿ.

ಜೊತೆಗೆ ಬೆನ್ನಿನ ರೆಕ್ಕೆ ಎಲುಬುಗಳನ್ನ ಹಿಂದಕ್ಕೆ, ಕೆಳಕ್ಕೆ ಎಳೆದು 5 ಸೆಕೆಂಡು, 10 ಸಲ. ಭುಜ ಕಿವಿ ಕಡೆ ಏರಬಾರದು. ಮೂರನೇ ವಾರ ನೋವು ತಗ್ಗಿದ್ದರೆ, ಹಳೇ ಸೈಕಲ್ ಟ್ಯೂಬ್ ಕಿಟಕಿ ಸರಳಿಗೆ ಕಟ್ಟಿ ಎರಡೂ ಕೈಯಿಂದ ಹೊಟ್ಟೆ ಕಡೆ ಎಳೆಯೋದು, 10 ಸಲದಂತೆ ಎರಡು ಸುತ್ತು.

ಫಿಸಿಯೋಥೆರಪಿ ವಿಭಾಗದಲ್ಲಿರುವವರು, ರಾಯಚೂರು:
ಟ್ರಾಕ್ಷನ್ ಎಲ್ಲಾರಿಗೂ ಅಲ್ಲ ಅಕ್ಕಾ. ಮೊದಲು ಥೆರಪಿಸ್ಟ್ ಕೈಯಿಂದಲೇ ಮೆಲ್ಲಗ ಎಳೆದು ನೋಡ್ತಾರ. ಕೈ ನೋವು ಆವಾಗ ಹಗುರಾದ್ರ ಮಾತ್ರ ಮಶೀನು. ಶುರುವಿಗೆ 4-5 ಕಿಲೋ ಸಾಕು, ಕುತ್ತಿಗೆ ಒಂಚೂರು ಮುಂದಕ್ಕ ಬಾಗಿರಬೇಕು, ಎಳೆದು-ಬಿಟ್ಟು ಮಾಡ್ತಾ 10-15 ನಿಮಿಷ. ಎಳೆತ ತಲೆಬುರುಡೆಯ ಹಿಂಭಾಗಕ್ಕ ಬೀಳಬೇಕು. ಪಟ್ಟಿ ಗದ್ದಕ್ಕ ಬಿಗಿದ್ರ ದವಡಿ ಕೀಲು ನೋಯ್ತದ, ಹಲ್ಲು ಕಚ್ಚಿ ಕುಂತ್ರ ಕುತ್ತಿಗೆ ಮತ್ತಷ್ಟು ಬಿಗಿತದ. ಬಾಗಿಲಿಗೆ ನೀರಿನ ಚೀಲ ಜೋತು ಬಿಡೋ ಕಿಟ್ ಅಂಗಡ್ಯಾಗ ಸಿಗ್ತದ, ಯಾರೂ ಕಲಿಸದೆ ಅದನ್ನ ತಗೋಬ್ಯಾಡ್ರಿ. ಮೂಳೆ ಟೊಳ್ಳಾಗೋ ಕಾಯಿಲೆ (ಆಸ್ಟಿಯೊಪೊರೋಸಿಸ್), ರುಮಟಾಯ್ಡ್ ಸಂಧಿವಾತ, ಬೆನ್ನುಹುರಿ ಮ್ಯಾಲ ಒತ್ತಡ ಇದ್ದವರಿಗೆ ಟ್ರಾಕ್ಷನ್ ಕೂಡದು.

ಕಾಲರ್ ಕೊಟ್ಟಿದ್ರ ನೋವು ಜೋರಿದ್ದಾಗ, ಬಸ್ಸಿನ್ಯಾಗ ಹೋಗುವಾಗ ಸಾಕು. ವಾರಗಟ್ಟಲೆ ಹಾಕ್ಕೊಂಡೇ ಇದ್ರ ಕುತ್ತಿಗೆ ಸ್ನಾಯು ಸೋಲ್ತಾವ. ಬಿಸಿ ಕಾಸೋದಾದ್ರ ಟವೆಲ್ ಸುತ್ತಿ 15 ನಿಮಿಷ. ಜೋಮು ಹಿಡಿದ ಚರ್ಮಕ್ಕ ಸುಡೋದು ತಿಳಿಯಂಗಿಲ್ಲ, ಸಕ್ಕರೆ ಕಾಯಿಲೆ ಇದ್ರಂತೂ ಬಹಳ ಜ್ವಾಕಿ.

ರಾತ್ರಿ ಜೋತು ಬಿದ್ದ ಹೊರಸು ಬ್ಯಾಡ, ಬೋರಲು ಮಲಗೋದು ಬ್ಯಾಡ. ಮಗ್ಗುಲಾದ್ರ ದಿಂಬು ಭುಜದ ಅಗಲ ತುಂಬುವಷ್ಟು ಎತ್ತರ ಇರಲಿ. ನಿದ್ದಿ ಬರದಷ್ಟು ಕೈ ಎಳೀತಿದ್ರ ಅಂಗೈ ತಲೆ ಮ್ಯಾಲ ಇಟ್ಟು ಮಲಗಿಸ್ರಿ. ನರದ ಎಳೆತ ಸಡಿಲಾಗಿ ಬಹಳ ಮಂದಿಗೆ ಆರಾಮ ಸಿಗ್ತದ.

ಹೊಲಿಗೆ ಯೂನಿಟ್ ಮೇಲ್ವಿಚಾರಕರು, ಕೊಪ್ಪಳ:
ಹೊಲಿಗಿ ಮಶೀನು ಸರಿ ಮಾಡದೇ ಕೆಲಸಕ್ಕ ಕಳಸಬ್ಯಾಡ್ರಿ ಅಕ್ಕಾ. ಸೂಜಿ ಕಾಣಲಿ ಅಂತ ಗೋಣು ಬಗ್ಗಸೋದೇ ಮೊದಲ ತೊಂದರಿ. ಟೇಬಲ್ ಮೊಣಕೈ ಮಟ್ಟಕ್ಕಿಂತ ಒಂದೆರಡು ಇಂಚು ಮ್ಯಾಲ ಇರಲಿ, ಹಿಂದಿನ ಎರಡು ಕಾಲಿಗೆ ಕಟ್ಟಿಗಿ ತುಂಡು ಕೊಟ್ಟು ಹೊಲಿಯವನ ಕಡೆ ಸುಮಾರು 10 ಡಿಗ್ರಿ ಓರೆ ಮಾಡ್ರಿ, ಸೂಜಿ ಹತ್ರ ಸಣ್ಣ ಎಲ್ಇಡಿ ಹಚ್ಚರಿ. ಬೆನ್ನು ಆನಿಸಾಕ ಬರೋ ಕುರ್ಚಿ ಬೇಕು, ಸ್ಟೂಲ್ ನಡೆಯಂಗಿಲ್ಲ. ಜೀನ್ಸ್ ಬಂಡಲ್ ಭಾಳ ತೂಕ. ಹಿಂದ ಇಟ್ಟು ತಿರುಗಿ ಎಳಕೊಳ್ಳೋದರ ಬದಲಿ ಎಡ-ಬಲಕ್ಕ ಟೇಬಲ್ ಎತ್ತರಕ್ಕ ಇಡಿಸ್ರಿ. 30 ನಿಮಿಷಕ್ಕೊಮ್ಮೆ ಒಂದು ನಿಮಿಷ ಏಳಬೇಕು. ಪೀಸ್ ಲೆಕ್ಕದ ಕೂಲಿಯವರು ಏಳಂಗಿಲ್ಲ, ಅದಕ್ಕ ಮಾಲೀಕರ ಹತ್ರ ಮೊದಲ ಮಾತಾಡಿಟ್ಟುಕೊಳ್ರಿ. ಶುರುವಿಗೆ ಅರ್ಧ ದಿನ, ಹಗುರ ಬಟ್ಟಿ.

ಕೇಳಿದವರು:
ಎಲ್ಲಾರಿಗೂ ನಮಸ್ಕಾರ. ಕೈಗೆ ನರ ಎಳೆಯೋ ವ್ಯಾಯಾಮ ಅಂತ ಒಂದು ವಿಡಿಯೋ ನೋಡಿ ಮಾಡಿದ, ಸಂಜೆತನಕ ಜುಮ್ ಅಂತಾನೇ ಇತ್ತು.

ಫಿಸಿಯೋಥೆರಪಿಸ್ಟ್, ಬಳ್ಳಾರಿ:
ಎಳೆದು ಹಿಡಿದಿರ್ತಾನೆ, ಅದಕ್ಕೇ. ನರ ಸ್ನಾಯುವಿನಂಗಲ್ಲ, ಎಳೆದು ಹಿಡಿದರೆ ಕೆರಳುತ್ತೆ. ಎರಡು ದಿನ ಬಿಟ್ಟು ಹೀಗೆ ಮಾಡಿಸಿ: ಎಡಗೈ ಪಕ್ಕಕ್ಕೆ ಚಾಚಿ, ಅಂಗೈ ಮೇಲೆ. ಮೊಣಕೈ ನೀಡುವಾಗ ತಲೆ ಎಡಕ್ಕೇ ವಾಲಬೇಕು, ಮಡಚುವಾಗ ಬಲಕ್ಕೆ. ಒಂದು ಕಡೆ ಬಿಗಿದಾಗ ಇನ್ನೊಂದು ಕಡೆ ಸಡಿಲ, ನರ ಜಾರುತ್ತೆ, ಎಳೆತ ಬೀಳಲ್ಲ. ಎಲ್ಲೂ ಹಿಡಿದು ನಿಲ್ಲಿಸಬಾರದು. ದಿನಕ್ಕೊಮ್ಮೆ 10 ಸಲ, ಜುಮ್ ಶುರುವಾಗೋಕೆ ಮುಂಚೆ ವಾಪಸ್.

ವಾರಕ್ಕೊಮ್ಮೆ ನೀವೇ ಬಲ ನೋಡಿ. ಮೊಣಕೈ ಮಡಚಿಸಿ, ನಿಮ್ಮ ಅಂಗೈಯನ್ನ ಮುಂದಕ್ಕೆ ನೂಕಲಿ, ಎಡ-ಬಲ ಹೋಲಿಸಿ. ಸಿ6-ಸಿ7 ಡಿಸ್ಕ್ ಸಾಮಾನ್ಯವಾಗಿ ಒತ್ತೋದು ಕುತ್ತಿಗೆಯ ಏಳನೇ ನರ (ಸಿ7), ತೋಳಿನ ಹಿಂಬದಿ ಸ್ನಾಯು ಅದರದ್ದೇ. ನೋವು ಕಡಿಮೆಯಾಗಿ ಬಲವೂ ಇಳೀತಿದ್ರೆ ಅದು ಗುಣ ಅಲ್ಲ, ಆರು ವಾರ ಕಾಯದೆ ಡಾಕ್ಟರಿಗೆ ತೋರಿಸಿ. ನಡೆಯುವಾಗ ತೂರಾಡೋದು, ಅಂಗಿ ಗುಂಡಿ ಹಾಕೋಕೆ ಬರದೇ ಇರೋದು, ಗೋಣು ಬಗ್ಗಿಸಿದಾಗ ಬೆನ್ನೊಳಗೆ ಕರೆಂಟ್ ಹೊಡೆದಂಗೆ ಆಗೋದು, ಮೂತ್ರ ತಡೆಯೋಕಾಗದೇ ಇರೋದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಎಂಆರ್‌ಐ ಫಿಲ್ಮ್ ತಗೊಂಡು ನರರೋಗ ಶಸ್ತ್ರಚಿಕಿತ್ಸಕರು ಇರೋ ಆಸ್ಪತ್ರೆಗೆ ಹೊರಡಿ.