ಆಟದಲ್ಲಿ ಸುಮ್ನೆ ನಿಂತವರನ್ನು ಹೊರಗೆ ಹಾಕೋದು ಸರಿನಾ?

ಮೋಡದಮರಿ:
ನಾನು ಆಡುವ ಆಟಕ್ಕೆ ಹೊಸ ಅಪ್‌ಡೇಟ್ ಬಂದಿದೆ. 15 ನಿಮಿಷ ಕೀ ಒತ್ತದೆ, ಮೌಸ್ ಅಲ್ಲಾಡಿಸದೆ ಇದ್ದರೆ ಸೀದಾ ಲಾಗೌಟ್. ಎಚ್ಚರಿಕೆ ಗಿಚ್ಚರಿಕೆ ಏನೂ ಇಲ್ಲ. ತಿಂಗಳಾ ತಿಂಗಳಾ ದುಡ್ಡು ಕಟ್ಟಿ ಆಡುವ ಆಟ ಇದು. ನಾನು ಡ್ರ್ಯಾಗನ್ ಹೊಡೆಯುತ್ತೇನೋ, ಕೋಟೆ ಬಾಗಿಲಲ್ಲಿ ನಿಂತು ಆಕಳಿಸುತ್ತೇನೋ, ಅದು ನನ್ನಿಷ್ಟ ಅಲ್ವಾ? ಆಟ ಯಾಕೆ ನನ್ನನ್ನು ಎಬ್ಬಿಸಿ ಕಳಿಸಬೇಕು?

ಲ್ಯಾಗ್‌ರಾಜ:
ಕಳಿಸಲೇಬೇಕು. 2021ರ ಡಿಸೆಂಬರ್‌ನಲ್ಲಿ ಫೈನಲ್ ಫ್ಯಾಂಟಸಿ 14 ಆಟಕ್ಕೆ ಎಂಡ್‌ವಾಕರ್ ಅನ್ನೋ ಹೊಸ ಭಾಗ ಬಂತಲ್ಲ, ಆಗ ಆಡಿದವರನ್ನು ಕೇಳಿ ನೋಡಿ. ಆಟದ ಒಳಗೆ ಬರೋಕೆ ಕ್ಯೂನಲ್ಲಿ ಸಾವಿರಾರು ಜನ, ಗಂಟೆಗಟ್ಟಲೆ ಕಾಯಬೇಕು, ಕಾದು ಕಾದು ಹತ್ತಿರ ಬಂದಾಗ ಎರರ್ ಬಂದು ಆಚೆ ಬಿದ್ದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಚಿಪ್ ಕೊರತೆಯ ಕಾಲ ಬೇರೆ, ಹೊಸ ಸರ್ವರ್ ಬೇಕು ಅಂದರೂ ಬೇಗ ಸಿಗುತ್ತಿರಲಿಲ್ಲ. ಕೊನೆಗೆ ಕಂಪನಿಯವರು ಹೊಸಬರಿಗೆ ಆಟ ಮಾರೋದನ್ನೇ ಒಂದು ತಿಂಗಳಿಗೂ ಜಾಸ್ತಿ ನಿಲ್ಲಿಸಿದರು! ಅಂಥ ಹೊತ್ತಲ್ಲಿ ಒಬ್ಬ ಒಳಗೆ ಬಂದು ಪಾತ್ರವನ್ನು ನಿಲ್ಲಿಸಿ ಮಲಗಲು ಹೋದರೆ, ಅವನು ಸೀಟಿಗೆ ಟವೆಲ್ ಹಾಕಿ ನಾಪತ್ತೆಯಾದ ಹಾಗೆ. ದುಡ್ಡು ನೀವೊಬ್ಬರೇ ಕಟ್ಟಿಲ್ಲ, ಆಚೆ ಕಾಯುತ್ತಿರುವವನೂ ಕಟ್ಟಿದ್ದಾನೆ.

ಮೋಡದಮರಿ:
ಒಪ್ಪಿದೆ. ಆದರೆ ನಮ್ಮ ಆಟದಲ್ಲಿ ಕ್ಯೂನೇ ಇಲ್ಲ. ಅರ್ಧ ಸರ್ವರ್ ಖಾಲಿ ಹೊಡೆಯುತ್ತಿದೆ. ಯಾರ ಜಾಗ ನಾನು ಹಿಡಿದಿಟ್ಟಿದ್ದೇನೆ?

ಗುಡುಗು_ಗೂಬೆ:
ಲಾಗೌಟ್ ಟೈಮರ್ ಹಾಕಿದ ತಕ್ಷಣ ಜನ ಲಾಗೌಟ್ ಆಗ್ತಾರೆ ಅಂದುಕೊಂಡಿದ್ದೀರಾ? ಕಂಟ್ರೋಲರ್ ಕಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬಿಟ್ಟರೆ ಪಾತ್ರ ರಾತ್ರಿಯಿಡೀ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಓಡುತ್ತಿರುತ್ತದೆ. ಕೀ ಮೇಲೆ ಭಾರ ಇಡೋರಿದ್ದಾರೆ, ತಾನಾಗೇ ಕೀ ಒತ್ತುವ ಮ್ಯಾಕ್ರೋ ಬರೆಯೋರಿದ್ದಾರೆ. ನ್ಯೂ ವರ್ಲ್ಡ್ ಅನ್ನೋ ಆಟ 2021ರ ಸೆಪ್ಟೆಂಬರ್‌ನಲ್ಲಿ ಬಂದಾಗ ಒಂದು ಸರ್ವರ್‌ಗೆ 2000 ಜನ ಅಂತ ಮಿತಿ ಇತ್ತು. ಕ್ಯೂ ಅಂತೂ ಕೇಳಲೇಬೇಡಿ. ಹೊರಗೆ ಹೋದರೆ ಮತ್ತೆ ಅಷ್ಟು ಹೊತ್ತು ಕಾಯಬೇಕಲ್ಲ ಅನ್ನೋ ಭಯಕ್ಕೇ ಜನ ಟೈಮರ್‌ಗೆ ಮೋಸ ಮಾಡ್ತಾರೆ. ಅಂದರೆ ಕ್ಯೂ ಉದ್ದ ಇದ್ದಷ್ಟೂ ಟೈಮರ್ ಕೆಲಸ ಮಾಡೋದು ಕಡಿಮೆ. ಪ್ರಾಮಾಣಿಕವಾಗಿ ಎದ್ದು ಹೋದವನು ಮಾತ್ರ ಔಟ್.

ಲ್ಯಾಗ್‌ರಾಜ:
ಹತ್ತು ಜನ ಮೋಸ ಮಾಡ್ತಾರೆ ಅಂತ ಉಳಿದ ತೊಂಬತ್ತು ಜನರಿಗೂ ನಿಯಮ ಬೇಡ ಅನ್ನೋದು ಯಾವ ಲೆಕ್ಕ ಗುರು? ತುಂಬಾ ಜನ ರಬ್ಬರ್ ಬ್ಯಾಂಡ್ ತನಕ ಹೋಗೋದೇ ಇಲ್ಲ. ಆಟ ಆನ್ ಮಾಡಿದ್ದೇ ಮರೆತಿರುತ್ತಾರೆ ಅಷ್ಟೇ. ಟೈಮರ್ ಇರೋದು ಅವರಿಗಾಗಿ.

ಪಿಂಗ್‌ಪುಟ್ಟಿ:
ನಾನು ಗೆಳೆಯರಿಗೆ ಅಂತ ಮೈನ್‌ಕ್ರಾಫ್ಟ್ ಸರ್ವರ್ ನಡೆಸ್ತೀನಿ. ಸುಮ್ನಿದ್ದವರನ್ನು ಎಷ್ಟು ನಿಮಿಷಕ್ಕೆ ಹೊರಗೆ ಹಾಕಬೇಕು ಅನ್ನೋದಕ್ಕೆ ಅದರ ಸರ್ವರ್ ಸೆಟ್ಟಿಂಗ್‌ನಲ್ಲೇ ಒಂದು ಸಾಲಿದೆ. ಮೊದಲಿಂದ ಅದು 0 ಇರುತ್ತದೆ, ಅಂದರೆ ಯಾರನ್ನೂ ಹಾಕಲ್ಲ. ಬೇಕಾದವರು ಬದಲಾಯಿಸಿಕೊಳ್ಳಲಿ ಅಂತ. ನನಗೆ ಈ ರೀತಿ ಇಷ್ಟ. ಆ ಆಟದಲ್ಲಿ ಸುಮ್ನೆ ನಿಲ್ಲೋದೂ ಒಂದು ಕೆಲಸವೇ. ಆಟಗಾರ ಹತ್ತಿರ ಇದ್ದರೆ ತಾನೇ ಅಲ್ಲಿನ ಚಂಕ್ (ಆ ಲೋಕದ ಒಂದು ತುಂಡು) ಲೋಡ್ ಆಗಿ ಫಾರ್ಮ್ (ತಾನಾಗೇ ಬೆಳೆ, ವಸ್ತು ಕೊಡುವ ಏರ್ಪಾಡು) ಓಡೋದು? ಅದಕ್ಕೇ ಜನ ಫಾರ್ಮ್ ಪಕ್ಕ ನಿಂತುಬಿಡ್ತಾರೆ.

ಹಾಗಂತ ತೊಂದರೆ ಇಲ್ಲ ಅಂತಲ್ಲ. ಹಳೇ ವರ್ಷನ್‌ಗಳಲ್ಲಿ ರಾತ್ರಿ ಕಳೆಯಬೇಕಾದರೆ ಆ ಲೋಕದಲ್ಲಿರೋರೆಲ್ಲ ಹಾಸಿಗೆ ಹತ್ತಬೇಕಿತ್ತು. ಒಬ್ಬ ಕೀಬೋರ್ಡ್ ಬಿಟ್ಟು ಎದ್ದು ಹೋದನೋ, ಮುಗೀತು. ಉಳಿದವರೆಲ್ಲ ಹಾಸಿಗೆಯಲ್ಲಿ ಬಿದ್ದುಕೊಂಡು ಅವನಿಗೆ ಬೈಯೋದೇ ಕೆಲಸ. 2021ರಲ್ಲಿ 1.17 ಬಂದಾಗ ಇಷ್ಟು ಶೇಕಡಾ ಜನ ಮಲಗಿದರೆ ಸಾಕು ಅಂತ ಇಟ್ಟುಕೊಳ್ಳುವ ನಿಯಮ ಕೊಟ್ಟರು. ಗಲಾಟೆ ಅಲ್ಲಿಗೆ ನಿಂತಿತು. ಸುಮ್ನಿದ್ದವನನ್ನು ಓಡಿಸಲಿಲ್ಲ, ಅವನಿಂದ ಉಳಿದವರ ಆಟ ನಿಲ್ಲದ ಹಾಗೆ ಮಾಡಿದರು.

ಹಳೇ_ಹೆಲ್ಮೆಟ್:
ಪಿಂಗ್‌ಪುಟ್ಟಿ ಹೇಳಿದ್ದು ಸರಿ ಇದೆ. ಜನ ಯಾಕೆ ಸುಮ್ನೆ ನಿಲ್ತಾರೆ ಅಂತ ಮೊದಲು ನೋಡಬೇಕು. ಟೀಮ್ ಫೋರ್ಟ್ರೆಸ್ 2 ನೆನಪಿದೆಯಾ? ಆಟದಲ್ಲಿ ಇದ್ದಷ್ಟು ಹೊತ್ತಿಗೆ ಟೋಪಿ, ಆಯುಧ ಉದುರುತ್ತಿದ್ದವು. ಜನ ಏನು ಮಾಡಿದರು? ಆಡದೆ ಸುಮ್ನೆ ಸರ್ವರ್‌ನಲ್ಲಿ ಕೂತರು. ಕೆಲವರು ಆಟ ಓಡುತ್ತಿದೆ ಅಂತ ಸರ್ವರ್‌ಗೆ ಸುಳ್ಳು ಹೇಳುವ ಬೇರೆ ಪ್ರೋಗ್ರಾಂ ಹಾಕಿಕೊಂಡರು. 2009ರಲ್ಲಿ ಆ ಆಟದ ಕಂಪನಿ ವಾಲ್ವ್‌ನವರು ಆ ಪ್ರೋಗ್ರಾಂ ಬಳಸಿ ಗಳಿಸಿದ್ದನ್ನೆಲ್ಲ ಕಿತ್ತುಕೊಂಡರು, ಬಳಸದವರ ತಲೆ ಮೇಲೆ ದೇವರ ಫೋಟೋದಲ್ಲಿ ಇರೋ ಥರ ಒಂದು ಪ್ರಭಾವಳಿ ಇಟ್ಟರು. ಆಮೇಲೆ ಅದಕ್ಕೂ ಜಗಳ, ಪ್ರಭಾವಳಿ ಇದ್ದವನನ್ನು ಕಂಡರೆ ಹುಡುಕಿಕೊಂಡು ಹೋಗಿ ಹೊಡೆಯೋರು. (ಮಜವಾಗಿತ್ತು ಬಿಡಿ.) ನೀವೇ ಸುಮ್ನೆ ನಿಂತಿದ್ದಕ್ಕೆ ಸಂಬಳ ಕೊಟ್ಟು, ಆಮೇಲೆ ಸುಮ್ನೆ ಯಾಕೆ ನಿಂತೆ ಅಂತ ಒದ್ದು ಓಡಿಸಿದರೆ ಏನು ಅರ್ಥ?

ಲ್ಯಾಗ್‌ರಾಜ:
ಪಂದ್ಯದ ಆಟಗಳನ್ನು ಮರೀಬೇಡಿ. ಐದೈದು ಜನರ ಪಂದ್ಯದಲ್ಲಿ ಒಬ್ಬ ನಿಂತರೆ ನಾಲ್ವರ ಸಂಜೆ ಹಾಳು. ಅಲ್ಲಿ 15 ನಿಮಿಷ ಅಲ್ಲ, ಒಂದೆರಡು ನಿಮಿಷಕ್ಕೇ ಕ್ರಮ ಆಗಬೇಕು.

ಪಿಂಗ್‌ಪುಟ್ಟಿ:
ಅದಕ್ಕೆ ಇಲ್ಲಿ ಯಾರದ್ದೂ ತಕರಾರಿಲ್ಲ.

ಬೆರಳುನೋವು:
ನನ್ನದು ಬೇರೆ ಕಷ್ಟ. ಕೈ ಬೆರಳುಗಳ ತೊಂದರೆ ಇದೆ, ಆಗಾಗ ನಿಲ್ಲಿಸಿ ಬಿಸಿ ಶಾಖ ಕೊಡಬೇಕು. ಕೆಲವೊಮ್ಮೆ ಗಿಲ್ಡ್‌ನವರು, ಅಂದರೆ ಆಟದಲ್ಲಿನ ನಮ್ಮ ಗುಂಪಿನವರು, ವಾಯ್ಸ್‌ನಲ್ಲಿ ಮಾತಾಡೋದನ್ನು ಕೇಳ್ತಾ ಕೂತಿರ್ತೀನಿ. ನಾನು ಅಲ್ಲೇ ಇದ್ದೀನಿ, ನಗ್ತಾ ಇದ್ದೀನಿ, ಆದರೆ ಕೀ ಒತ್ತಿಲ್ಲ ಅನ್ನೋ ಕಾರಣಕ್ಕೆ ಆಟದ ಲೆಕ್ಕದಲ್ಲಿ ನಾನು ಇಲ್ಲ. ಅಂಗವಿಕಲರಿಗೂ ಬಳಸೋಕೆ ಆಗಲಿ ಅಂತ ವೆಬ್‌ಸೈಟ್‌ಗಳಿಗೆ ಡಬ್ಲ್ಯುಸಿಎಜಿ ಅನ್ನೋ ಒಂದು ಮಾನದಂಡ ಇದೆ. ಸಮಯದ ಮಿತಿಯನ್ನು ತೆಗೆಯುವ ಅಥವಾ ಹೊಂದಿಸಿಕೊಳ್ಳುವ ದಾರಿ ಇರಬೇಕು, ಇಲ್ಲದಿದ್ದರೆ ಮುಗಿಯೋ ಮೊದಲು ಎಚ್ಚರಿಸಿ, ಒಂದು ಸುಲಭದ ಕೀ ಒತ್ತಿ ಮುಂದುವರಿಸೋಕೆ ಕನಿಷ್ಠ 20 ಸೆಕೆಂಡ್ ಕೊಡಬೇಕು ಅನ್ನುತ್ತದೆ ಅದು. ನಿಜವಾಗಿ ಆ ಕ್ಷಣದಲ್ಲೇ ನಡೆಯಬೇಕಾದ್ದಕ್ಕೆ ವಿನಾಯಿತಿ ಇದೆ, ಅದೂ ಸರಿ. ಆದರೆ ಊರ ಚೌಕದಲ್ಲಿ ನಿಂತವನಿಗೆ ಯಾವ ಅವಸರ? ಲಾಗೌಟ್ ಮಾಡಿ, ಬೇಡ ಅನ್ನಲ್ಲ. ಮಾಡೋ ಮೊದಲು ಒಂದು ಮಾತು ಕೇಳಿ.

ಮೋಡದಮರಿ:
ಇದೇ ನನ್ನ ಸಿಟ್ಟು! ನಾನು ಚಾಟ್ ಓದುತ್ತಿದ್ದೆ, ಕಣ್ಣೆದುರೇ ಪರದೆ ಲಾಗಿನ್ ಪುಟಕ್ಕೆ ಹೋಯಿತು.

ಸಾಕೆಟ್_ಸಣ್ಣಪ್ಪ:
ಸರ್ವರ್ ಬದಿಯ ಕೆಲಸ ಮಾಡುವವನಾಗಿ ಒಂದೆರಡು ಮಾತು. ಇಲ್ಲಿ ಎರಡು ವಿಷಯ ಕಲಸಿಹೋಗುತ್ತಿವೆ. ಕನೆಕ್ಷನ್ ಸತ್ತವನು ಬೇರೆ, ಕನೆಕ್ಷನ್ ಇದ್ದೂ ಕೈ ಆಡಿಸದವನು ಬೇರೆ. ಮೊದಲನೆಯವನನ್ನು ಬೇಗ ತೆಗೆಯಲೇಬೇಕು. ಬರೀ ಟಿಸಿಪಿ ಕೀಪ್‌ಅಲೈವ್ (ಕನೆಕ್ಷನ್ ಬದುಕಿದೆಯಾ ಅಂತ ಆಪರೇಟಿಂಗ್ ಸಿಸ್ಟಮ್ಮೇ ನೋಡೋ ವ್ಯವಸ್ಥೆ) ನಂಬಿಕೊಂಡರೆ, ಲಿನಕ್ಸ್‌ನಲ್ಲಿ ಬದಲಾಯಿಸದೆ ಬಿಟ್ಟಾಗ ಅದು ಮೊದಲ ಸಲ ಇಣುಕಿ ನೋಡೋದೇ 2 ಗಂಟೆ ಆದಮೇಲೆ. ಅದಕ್ಕೇ ಆಟಗಳು ತಮ್ಮದೇ ಹಾರ್ಟ್‌ಬೀಟ್ ಇಟ್ಟುಕೊಳ್ಳೋದು, ಕೆಲವು ಸೆಕೆಂಡಿಗೊಮ್ಮೆ ಇದ್ದೀಯಾ ಅಂತ ಕೇಳ್ತಾ ಇರೋದು.

ಎರಡನೆಯವನ ಖರ್ಚು ನೀವು ಅಂದುಕೊಂಡಷ್ಟಿಲ್ಲ. ಅವನು ಅಲ್ಲಾಡಲ್ಲ, ಅವನ ಕಡೆಯಿಂದ ಹೇಳಿಕೊಳ್ಳುವಷ್ಟು ಹೊಸ ಸುದ್ದಿ ಬರಲ್ಲ. ಆದರೆ ಅವನ ಸುತ್ತ ನಡೆಯೋದನ್ನೆಲ್ಲ ಅವನಿಗೆ ಕಳಿಸ್ತಾನೇ ಇರಬೇಕು. ಸಂತೆಯಂಥ ಜಾಗದಲ್ಲಿ ಇನ್ನೂರು ಜನ ನಿಂತಿದ್ದಾರೆ ಅಂದರೆ, ಹೊಸದಾಗಿ ಬಂದು ಓಡಾಡೋ ಒಬ್ಬನ ಪ್ರತಿ ಹೆಜ್ಜೆಯೂ ಇನ್ನೂರು ಕಡೆ ಹೋಗಬೇಕು. ಕಾಡಿನ ಮೂಲೆಯಲ್ಲಿ ನಿಂತವನಿಂದ ಹೆಚ್ಚೇನೂ ಹೊರೆ ಇಲ್ಲ. ಎಲ್ಲರಿಗೂ ಎಲ್ಲ ಕಡೆಯೂ ಒಂದೇ 15 ನಿಮಿಷ ಅನ್ನೋದು ಯೋಚನೆ ಮಾಡಿ ಇಟ್ಟ ಸಂಖ್ಯೆ ಅಲ್ಲ, ಕೈಗೆ ಸಿಕ್ಕಿದ್ದನ್ನು ಇಟ್ಟಿದ್ದು ಅನ್ನಿಸುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 5 ನಿಮಿಷಕ್ಕೆ ಹೆಸರಿನ ಪಕ್ಕ ಎಎಫ್‌ಕೆ (ಕೀಬೋರ್ಡ್ ಬಿಟ್ಟು ಹೋಗಿದ್ದಾನೆ) ಅಂತ ಬೀಳುತ್ತದೆ, ಲಾಗೌಟ್ ಬಹಳ ಹೊತ್ತಾದಮೇಲೆ. ರೋಬ್ಲಾಕ್ಸ್ 20 ನಿಮಿಷಕ್ಕೆ ಕತ್ತರಿಸುತ್ತದೆ. ಒಂದೊಂದು ಆಟಕ್ಕೆ ಒಂದೊಂದು ಅಳತೆ.

ಗುಡುಗು_ಗೂಬೆ:
ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶದ ಆಟದ ಕಥೆ ಯಾರೂ ಎತ್ತಲಿಲ್ಲ. ಶತ್ರು ಒಬ್ಬ ಹಡಗಿಗೆ ಕ್ಲೋಕ್ ಹಾಕಿ ನಿಮ್ಮ ಸೌರವ್ಯೂಹದಲ್ಲಿ ಬಿಟ್ಟು ಆಫೀಸಿಗೆ ಹೋಗಿರುತ್ತಾನೆ. ಹಡಗು ಕಾಣಲ್ಲ, ಹೆಸರು ಮಾತ್ರ ಲೋಕಲ್ ಚಾಟ್ ಪಟ್ಟಿಯಲ್ಲಿ. ಕೀಬೋರ್ಡ್ ಮುಂದೆ ಇದ್ದಾನೋ ಇಲ್ವೋ ಗೊತ್ತಾಗಲ್ಲ, ಹಾಗಾಗಿ ಗಣಿ ತೋಡೋಕೆ ಯಾರಿಗೂ ಧೈರ್ಯ ಇಲ್ಲ. ಅವನು ಸುಮ್ನೆ ಇರೋದೇ ದಾಳಿ! ಎಷ್ಟೋ ವರ್ಷ ಇದರ ಮೇಲೆ ಜಗಳ ನಡೀತು. 2021ರಲ್ಲಿ ಕ್ಲೋಕ್ ಹಾಕಿ ನಿಂತವರನ್ನು ಬಯಲಿಗೆ ತರುವ ಮೊಬೈಲ್ ಅಬ್ಸರ್ವೇಟರಿ ಅನ್ನೋ ಸಾಧನ ತಂದರು. ಎದುರಾಳಿ ಎದ್ದು ಹೋಗಿದ್ದರೆ ಈಗ ಹುಡುಕಿ ಹೊಡೆಯಬಹುದು. ಟೈಮರ್ ಹಾಕದೆ, ಆಟದೊಳಗೇ ಉತ್ತರ ಕೊಟ್ಟರು.

ಲ್ಯಾಗ್‌ರಾಜ:
ಅದೆಲ್ಲ ಚಂದ, ಆದರೆ ಎಲ್ಲ ಕಂಪನಿಗೂ ಅಷ್ಟು ತಲೆ, ಅಷ್ಟು ಜನ ಇರಲ್ಲ. ಟೈಮರ್ ಅಗ್ಗ, ಇವತ್ತೇ ಹಾಕಬಹುದು. ಇನ್ನೊಂದು, ಬೇರೆಯವರೂ ಬಳಸುವ ಕಂಪ್ಯೂಟರ್‌ನಲ್ಲಿ ಆಟ ತೆರೆದಿಟ್ಟು ಎದ್ದು ಹೋದರೆ ಯಾರೋ ಬಂದು ನಿಮ್ಮ ಚಿನ್ನವನ್ನೆಲ್ಲ ಬೇರೆ ಖಾತೆಗೆ ಕಳಿಸಿಬಿಡ್ತಾರೆ. ಲಾಗೌಟ್ ಆಗಿದ್ದರೆ ಆ ಚಿಂತೆ ಇಲ್ಲ.

ಹಳೇ_ಹೆಲ್ಮೆಟ್:
ಅದಕ್ಕೆ ಪರದೆ ಲಾಕ್ ಮಾಡಿದರೆ ಸಾಕು. ಆಟದಿಂದಲೇ ಕಿತ್ತು ಆಚೆ ಎಸೆಯಬೇಕಾಗಿಲ್ಲ.

ಸಾಕೆಟ್_ಸಣ್ಣಪ್ಪ:
ನನ್ನ ಕೈಲಿ ಬಿಟ್ಟರೆ ಹೀಗೆ ಮಾಡ್ತೀನಿ: ಸರ್ವರ್ ತುಂಬುವ ಹೊತ್ತಿಗೆ ಮಾತ್ರ ಟೈಮರ್ ಶುರು. ಕ್ಯೂ ಇಲ್ಲ ಅಂದರೆ ಟೈಮರೂ ಇಲ್ಲ. ಕ್ಯೂ ಬಂತು ಅಂದರೆ ಜಾಸ್ತಿ ಹೊತ್ತು ಸುಮ್ನಿದ್ದವನಿಗೆ ಮೊದಲು ಎಚ್ಚರಿಕೆ, ಉತ್ತರ ಬರದಿದ್ದರೆ ಲಾಗೌಟ್. ಲಾಗೌಟ್ ಆದವನು ಹತ್ತು ನಿಮಿಷದೊಳಗೆ ವಾಪಸ್ ಬಂದರೆ ಕ್ಯೂನ ಮುಂದಿನ ಸಾಲಲ್ಲೇ ಜಾಗ. ಆಗ ರಬ್ಬರ್ ಬ್ಯಾಂಡ್ ಹುಚ್ಚೂ ಸ್ವಲ್ಪ ಇಳಿಯುತ್ತದೆ, ಯಾಕಂದ್ರೆ ಹೊರಗೆ ಬೀಳೋ ಭಯ ಅಷ್ಟಿರಲ್ಲ.

ಲ್ಯಾಗ್‌ರಾಜ:
ಹತ್ತು ನಿಮಿಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗೋರು ಹುಟ್ಟಿಕೊಳ್ತಾರೆ ನೋಡಿ.

ಸಾಕೆಟ್_ಸಣ್ಣಪ್ಪ:
ದಿನಕ್ಕೆ ಒಂದೇ ಸಲ ಆ ಸವಲತ್ತು ಅಂದರೆ ಆಯ್ತು.

ಬೆರಳುನೋವು:
ಎಚ್ಚರಿಕೆಗೆ ಶಬ್ದನೂ ಇರಲಿ ದಯವಿಟ್ಟು. ನಾನು ಯಾವಾಗಲೂ ಪರದೆ ನೋಡ್ತಾ ಕೂತಿರಲ್ಲ.

ಮೋಡದಮರಿ:
ಶಬ್ದದ ಜೊತೆ ಎಚ್ಚರಿಕೆ, ಜನ ತುಂಬಿದಾಗ ಮಾತ್ರ ಟೈಮರ್, ವಾಪಸ್ ಬಂದವನಿಗೆ ಜಾಗ. ಇಷ್ಟನ್ನು ಕಂಪನಿಗೆ ಇವತ್ತೇ ಬರೆದು ಕಳಿಸ್ತೀನಿ. ಖಾಲಿ ಸರ್ವರ್‌ನಲ್ಲಿ ಸುಮ್ನೆ ನಿಲ್ಲೋ ಹಕ್ಕು ಮಾತ್ರ ನಾನು ಬಿಡಲ್ಲ.

ಲ್ಯಾಗ್‌ರಾಜ:
ಬರೆಯಿರಿ. ಟೈಮರ್ ಪೂರ್ತಿ ತೆಗೀರಿ ಅಂತ ಒಂದು ಸಾಲು ಸೇರಿಸಿದರೆ ಮಾತ್ರ ನಾನೂ ಅವರಿಗೆ ಬರೀತೀನಿ, ಬೇಡ ಅಂತ.