ಭಟ್ಟರನ್ನು ಕೇಳಿ: ಗೂಗಲ್ ಕೊಂಡ ನೆಸ್ಟ್, ನಮ್ಮ ಗೋಡೆಯ ಥರ್ಮೋಸ್ಟಾಟ್

ಅಡ್ಮಿನ್: ಈ ಶನಿವಾರ ಉತ್ತರ ಕೊಡುವವರು ನಮ್ಮ ಸ್ಕ್ರೂಡ್ರೈವರ್ ಭಟ್ಟರು. ನ್ಯೂಜೆರ್ಸಿಯಲ್ಲಿ ಹೀಟರ್, ಏಸಿ, ಥರ್ಮೋಸ್ಟಾಟ್ (ಮನೆಯ ಬಿಸಿ, ತಂಪು ಹಿಡಿತದಲ್ಲಿಡುವ ಗೋಡೆಯ ಡಬ್ಬಿ) ಕೆಲಸ ಮಾಡುತ್ತಾರೆ. ವಿಷಯ ಗೊತ್ತಲ್ವಾ? 2014ರ ಜನವರಿಯಲ್ಲಿ ಗೂಗಲ್ 320 ಕೋಟಿ ಡಾಲರ್ ನಗದು ಕೊಟ್ಟು, ಥರ್ಮೋಸ್ಟಾಟ್ ಮಾಡುವ ನೆಸ್ಟ್ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ಆಗಿನ ಲೆಕ್ಕದಲ್ಲಿ ಸುಮಾರು 20,000 ಕೋಟಿ ರೂಪಾಯಿ. ಅದೇ ನೆಸ್ಟ್‌ನ ಮೊದಲ ಎರಡು ಮಾದರಿಯ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್ 25ಕ್ಕೆ ಬೆಂಬಲ ನಿಂತಿತು. ಎರಡೇ ನಿಯಮ: ಸ್ವಂತ ಮನೆಯ ತೊಂದರೆ ಬರೆಯುವಾಗ ಕಂಪನಿ ಹೆಸರು ಬೇಡ. ಫಾರ್ವರ್ಡ್ ಬೇಡವೇ ಬೇಡ.

ಕಾಫಿಪುಡಿ: ನಮಸ್ಕಾರ ಭಟ್ಟರೇ. ಹಳೇ ನೆಸ್ಟ್ ಈಗ ಪೂರ್ತಿ ಕೆಲಸ ನಿಲ್ಲಿಸುತ್ತದಾ?

ಸ್ಕ್ರೂಡ್ರೈವರ್ ಭಟ್ಟ: ನಮಸ್ಕಾರ. ಇಲ್ಲ. ಗೋಡೆಯ ಮೇಲೆ ಕೈಯಿಂದ ತಿರುಗಿಸಬಹುದು. ಅದರಲ್ಲೇ ಹಾಕಿಟ್ಟ ಟೈಮ್‌ಟೇಬಲ್ ಕೂಡ ನಡೆಯುತ್ತದೆ. ಫೋನಿನಿಂದ ಆಗುವುದಿಲ್ಲ, ಹೊಸ ಅಪ್‌ಡೇಟ್ ಬರುವುದಿಲ್ಲ. 2011 ಮತ್ತು 2012ರಲ್ಲಿ ಬಂದ ಮಾದರಿಗಳು ಅವು. ಯುರೋಪಿನಲ್ಲಿ 2014ರಲ್ಲಿ ಬಂದದ್ದಕ್ಕೂ ಇದೇ ಕಥೆ.

ಎಡಿಸನ್ ಸೊಸೆ: ಅಣ್ಣ, ನಮ್ಮದು ಸ್ವಲ್ಪ ವಿಚಿತ್ರ. ಕಂಪನಿ ಹೆಸರು ಹೇಳಲ್ಲ. ಅತ್ತೆ, ಮಾವ ಶಿವಮೊಗ್ಗದಿಂದ ಬಂದು ಮೂರು ವಾರ ಆಯಿತು. ನಾವಿಬ್ಬರೂ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮನೆ 70 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 21 ಸೆಲ್ಸಿಯಸ್) ಇರುತ್ತದೆ. ಮಧ್ಯಾಹ್ನ ಫೋನ್ ಮಾಡಿದರೆ ಅತ್ತೆ ಶಾಲು ಹೊದ್ದು ಕೂತಿರುತ್ತಾರೆ. 60ಕ್ಕೆ (ಸುಮಾರು 16 ಸೆಲ್ಸಿಯಸ್) ಇಳಿದಿರುತ್ತದೆ. ಸಂಜೆ ನಾವು ಬರುವ ಹೊತ್ತಿಗೆ ಮತ್ತೆ ಬೆಚ್ಚಗೆ. ಮಾವ ಒಂದು ದಿನ ಡಬ್ಬಿಯ ಫೋಟೊ ಕಳಿಸಿದರು. ಪರದೆ ಮೇಲೆ "ಮನೆಯಲ್ಲಿ ಯಾರೂ ಇಲ್ಲ" ಅನ್ನೋ ಅರ್ಥದ ಮಾತು ಇತ್ತು. "ನಾವು ಲೆಕ್ಕಕ್ಕೇ ಇಲ್ವೇನಮ್ಮ" ಅಂತ ಅತ್ತೆ ಕೇಳಿದರು. ತಮಾಷೆಗೇ ಕೇಳಿದ್ದು, ಆದರೂ ನನಗೆ ಚುಚ್ಚಿತು. ಹ್ಯಾಕ್ ಆಗಿದೆಯಾ?

ಗಾಂಧಿಬಜಾರ್: ಬೆಂಗಳೂರಿನಲ್ಲಿ ನಮ್ಮ ಮನೆಗೂ ಒಂದು ಹಾಕಿಸಬಹುದಾ ಸಾರ್?

ಸ್ಕ್ರೂಡ್ರೈವರ್ ಭಟ್ಟ: ನಿಮ್ಮಲ್ಲಿ ಇಡೀ ಮನೆ ಬಿಸಿ ಮಾಡುವ ಫರ್ನೇಸ್ ಎಲ್ಲಿದೆ ಸಾರ್? ಬೇಡ.

ಸೊಸೆ ಅವರೇ, ಹ್ಯಾಕ್ ಅಲ್ಲ. ಆದರೆ ಇದನ್ನು ಇವತ್ತೇ ಸರಿ ಮಾಡಿ. ವಯಸ್ಸಾದವರಿಗೆ 60 ಡಿಗ್ರಿ ತಮಾಷೆ ಅಲ್ಲ. ಗಂಟೆಗಟ್ಟಲೆ ಅಲ್ಲಾಡದೆ ಕೂತರೆ ಮೈಯೊಳಗಿನ ಬಿಸಿಯೇ ಇಳಿಯುತ್ತದೆ.

ಆಗುತ್ತಿರುವುದು ಇಷ್ಟು. ಈ ಡಬ್ಬಿಗಳು ಮನೆಯಲ್ಲಿ ಜನ ಇದ್ದಾರಾ ಅಂತ ಎರಡು ದಾರಿಯಲ್ಲಿ ಊಹಿಸುತ್ತವೆ. ಒಂದು, ಎದುರಿಗೆ ಯಾರಾದರೂ ಓಡಾಡಿದರೆ ಗೊತ್ತಾಗುವ ಸೆನ್ಸರ್. ಇನ್ನೊಂದು, ಅಕೌಂಟ್‌ಗೆ ಸೇರಿದ ಫೋನ್‌ಗಳು ಎಲ್ಲಿವೆ ಅನ್ನುವುದು. ನಿಮ್ಮದು ಕೆಳಗಿನ ಹಾಲ್‌ನಲ್ಲಿ ಇರಬೇಕು. ಅತ್ತೆ, ಮಾವ ಮೇಲಿನ ಕೋಣೆಯಲ್ಲಿ ಟಿವಿ ನೋಡುತ್ತಿರಬೇಕು. ಎದುರಿಗೆ ಯಾರೂ ಸುಳಿಯಲಿಲ್ಲ, ಅಕೌಂಟ್‌ನಲ್ಲಿರುವ ಎರಡೂ ಫೋನ್ ಆಫೀಸಿಗೆ ಹೋದವು. ಅದರ ಲೆಕ್ಕದಲ್ಲಿ ಮನೆ ಖಾಲಿ. ಗ್ಯಾಸ್ ಉಳಿಸೋಣ ಅಂತ ಬಿಸಿ ಇಳಿಸುತ್ತದೆ. ಸಂಜೆ ನಿಮ್ಮ ಫೋನ್ ಮನೆ ಹತ್ತಿರ ಬಂದ ಕೂಡಲೇ ಏರಿಸುತ್ತದೆ.

ಮೊದಲು ಆ್ಯಪ್‌ನ ಹಿಸ್ಟರಿ ನೋಡಿ. ನೀವು ಕಾರು ತೆಗೆದ ಸ್ವಲ್ಪ ಹೊತ್ತಿಗೇ ಇಳಿದಿದ್ದರೆ ಇದೇ ಕಾರಣ. ಆಮೇಲೆ ಈ "ಮನೆ, ಹೊರಗೆ" ಊಹೆಯನ್ನು ಪೂರ್ತಿ ಆಫ್ ಮಾಡಿ. ಅವರು ವಾಪಸ್ ಹೋಗುವವರೆಗೆ ಅದು ಬೇಡ. "ಯಾರೂ ಇಲ್ಲದಾಗ ಕನಿಷ್ಠ" ಅನ್ನುವುದನ್ನೂ 68ಕ್ಕೆ ಇಡಿ. ಮಾವನ ಫೋನ್ ಸೇರಿಸಿದರೆ ಸಾಕಲ್ವಾ ಅಂತ ಕೇಳುತ್ತೀರಿ. ಸಾಲದು. ಅವರದು ಊರಿನ ಸಿಮ್, ಇಲ್ಲಿ ಮನೆ ವೈಫೈ ಮಾತ್ರ ಇದ್ದರೆ, ಹೊರಗೆ ಹೋದದ್ದು, ಬಂದದ್ದು ಸರಿಯಾಗಿ ತಿಳಿಯುವುದಿಲ್ಲ. ವಿದ್ಯುತ್ ಕಂಪನಿಯ ಯಾವುದಾದರೂ ಉಳಿತಾಯ ಸ್ಕೀಮ್‌ಗೆ ಸೇರಿದ್ದೀರಾ ಅಂತಲೂ ನೋಡಿ. ಅವರಿಗೂ ಒಂದೆರಡು ಡಿಗ್ರಿ ಇಳಿಸುವ ಅವಕಾಶ ಕೊಟ್ಟಿರುತ್ತೀರಿ.

ಕೊನೆಗೆ, ಮಾವನಿಗೆ ಗೋಡೆಯ ಮೇಲೆ ತಿರುಗಿಸುವುದು ಹೇಳಿಕೊಡಿ. ಮಗನ ಮನೆ ಅಂತ ಸಂಕೋಚಕ್ಕೆ ಮುಟ್ಟುವುದಿಲ್ಲ ಅವರು. ನಾನು ಹೋದ ಎಷ್ಟೋ ಮನೆಯಲ್ಲಿ ಇದೇ.

ಎಡಿಸನ್ ಸೊಸೆ: ಹೌದು ಅಣ್ಣ, ಮುಟ್ಟಲ್ಲ. ಈಗಲೇ ನೋಡುತ್ತೇನೆ.

ಕಾಫಿಪುಡಿ: ಅಂದರೆ ನಾವು ಎಲ್ಲಿದ್ದೇವೆ ಅಂತ ಗೂಗಲ್‌ಗೆ ಗೊತ್ತು. ಮಾತೂ ಕೇಳಿಸಿಕೊಳ್ಳುತ್ತದಾ?

ಸ್ಕ್ರೂಡ್ರೈವರ್ ಭಟ್ಟ: ನೆಸ್ಟ್ ಥರ್ಮೋಸ್ಟಾಟ್‌ನಲ್ಲಿ ಮೈಕ್ ಇಲ್ಲ.

ಹಾಸನದ ಮೇಷ್ಟ್ರು: ಥರ್ಮೋಸ್ಟಾಟ್‌ನಲ್ಲಿ ಇಲ್ಲ ಸ್ವಾಮಿ, ನೆಸ್ಟ್ ಸೆಕ್ಯೂರ್ ಅನ್ನೋ ಕಳ್ಳರ ಅಲಾರಂನಲ್ಲಿ ಇತ್ತು! ಮೈಕ್ ಇದೆ ಅಂತ ಗ್ರಾಹಕರಿಗೆ ಹೇಳಿಯೇ ಇರಲಿಲ್ಲ. 2019ರ ಫೆಬ್ರವರಿಯಲ್ಲಿ ಹೊರಗೆ ಬಂತು. ವಿವರದಲ್ಲಿ ಬರೆಯದೆ ಬಿಟ್ಟದ್ದು ತಪ್ಪು ಅಂತ ಗೂಗಲ್ಲೇ ಒಪ್ಪಿಕೊಂಡಿತು. 2014ರಲ್ಲಿ ಕೊಳ್ಳುವಾಗ ಏನಂದಿದ್ದರು? ಗ್ರಾಹಕರ ಮಾಹಿತಿ ನೆಸ್ಟ್ ಕೆಲಸಕ್ಕೆ ಮಾತ್ರ ಅಂತ. 2019ರಲ್ಲಿ ನೆಸ್ಟ್ ಅಕೌಂಟ್ ಬಿಟ್ಟು ಗೂಗಲ್ ಅಕೌಂಟ್‌ಗೆ ಬನ್ನಿ ಅಂದರು.

ಬೇ ಏರಿಯಾ ಹುಡುಗ: ಮೇಷ್ಟ್ರೇ, ಅರ್ಧ ಹೇಳಬೇಡಿ. ಮನೆಯ ಸೆನ್ಸರ್ ಮಾಹಿತಿ, ವಿಡಿಯೊ ಜಾಹೀರಾತಿಗೆ ಬಳಸುವುದಿಲ್ಲ ಅಂತಲೂ ಅದೇ ವರ್ಷ ಹೇಳಿದ್ದಾರೆ. 2011ರ ಎಲೆಕ್ಟ್ರಾನಿಕ್ಸ್ 14 ವರ್ಷ ನಡೆಯಿತು. ನಿಮ್ಮ 2011ರ ಫೋನ್ ಎಲ್ಲಿದೆ?

ಹಾಸನದ ಮೇಷ್ಟ್ರು: ಫೋನನ್ನು ಯಾರೂ ಗೋಡೆಗೆ ಸ್ಕ್ರೂ ಹಾಕಿ ಕೂರಿಸುವುದಿಲ್ಲ. ಹನಿವೆಲ್‌ನ ಗುಂಡನೆಯ ಥರ್ಮೋಸ್ಟಾಟ್ 1953ರಲ್ಲಿ ಬಂದದ್ದು. ಮಗಳ ಪಕ್ಕದ ಮನೆಯಲ್ಲಿ ಹಳೆಯದೊಂದು ಇನ್ನೂ ನಡೆಯುತ್ತಿದೆ. ಅದಕ್ಕೆ ಯಾರ ಬೆಂಬಲವೂ ಬೇಡ.

ಗಾಂಧಿಬಜಾರ್: ಬಂದ ಹಾಗೆ ಕಳಿಸಿದ್ದೇನೆ 🙏 "ಹಳೇ ನೆಸ್ಟ್ ಮತ್ತೆ ಆ್ಯಪ್‌ಗೆ ಸೇರಲು ಸುಲಭ ಉಪಾಯ! ಕರೆಂಟ್ ಇರುವಾಗಲೇ ಡಬ್ಬಿ ಬಿಚ್ಚಿ, ಆರ್ ಮತ್ತು ಸಿ ವೈರ್ ಒಂದು ನಿಮಿಷ ಮುಟ್ಟಿಸಿ. ಗೂಗಲ್ ಲಾಕ್ ಅಳಿಸಿಹೋಗುತ್ತದೆ. ಎಲ್ಲ ಗುಂಪಿಗೂ ಕಳಿಸಿ."

ಸ್ಕ್ರೂಡ್ರೈವರ್ ಭಟ್ಟ: ಯಾರೂ ಮಾಡಬೇಡಿ. ಯಾರೂ.

ಆರ್ ವೈರ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ 24 ವೋಲ್ಟ್ ಬರುತ್ತದೆ. ಸಿ ಅದೇ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗುವ ದಾರಿ. ಎರಡನ್ನೂ ಮುಟ್ಟಿಸಿದರೆ ಶಾರ್ಟ್. ಪುಣ್ಯ ಇದ್ದರೆ ಫರ್ನೇಸ್ ಬೋರ್ಡಿನ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ರೇ ಸುಡುತ್ತದೆ. ಹೊರಗೆ 15 ಡಿಗ್ರಿ ಫ್ಯಾರನ್‌ಹೀಟ್ (ಮೈನಸ್ 9 ಸೆಲ್ಸಿಯಸ್), ಶನಿವಾರ ರಾತ್ರಿ, ಹೀಟರ್ ಇಲ್ಲ, ಬೆಳಿಗ್ಗೆ ನೀರಿನ ಪೈಪ್ ಒಡೆದಿರುತ್ತದೆ. ಆಗ ಈ ಉಪಾಯ ಬರೆದವನು ಬರುವುದಿಲ್ಲ, ನನಗೇ ಫೋನ್ ಬರುತ್ತದೆ. ಲಾಕ್ ಇರುವುದು ನಿಮ್ಮ ವೈರ್‌ನಲ್ಲಿ ಅಲ್ಲ, ಅವರ ಸರ್ವರ್‌ನಲ್ಲಿ. ಡಬ್ಬಿ ನಿಮ್ಮದು, ಸರ್ವರ್ ಅವರದು.

ಗಾಂಧಿಬಜಾರ್: ನಾನು ಬರೆದದ್ದಲ್ಲ ಸಾರ್, ಸುಮ್ನೆ ಎಲ್ಲರಿಗೂ ಉಪಯೋಗ ಆಗಲಿ ಅಂತ.

ಸ್ಕ್ರೂಡ್ರೈವರ್ ಭಟ್ಟ: ಫರ್ನೇಸ್ ಇಲ್ಲದ ಊರಿನಿಂದ ಫರ್ನೇಸ್ ಸುಡುವ ಉಪಾಯ. ಅಡ್ಮಿನ್, ಅಳಿಸಿ.

ಡಲ್ಲಾಸ್ ಗೌಡ್ರು: ನನ್ನ ಹತ್ತಿರ ನೆಸ್ಟ್ ಹೊಗೆ ಅಲಾರಂ ಇದೆ. ಅದಕ್ಕೂ ಕೊನೆ ದಿನ ಇದೆಯಾ? ಮತ್ತೆ, ಹೀಟ್ ಪಂಪ್ (ಬಿಸಿ, ತಂಪು ಎರಡೂ ಕೊಡುವ ಏಸಿಯಂಥದ್ದು) ಇದ್ದರೆ ಯಾವ ಥರ್ಮೋಸ್ಟಾಟ್ ಒಳ್ಳೆಯದು?

ಸ್ಕ್ರೂಡ್ರೈವರ್ ಭಟ್ಟ: ತಯಾರಾದ ದಿನದಿಂದ ಹೆಚ್ಚೆಂದರೆ 10 ವರ್ಷ. ಡಬ್ಬಿಯ ಹಿಂದೆ ತಾರೀಖು ಇರುತ್ತದೆ. ದಾಟಿದ್ದರೆ ಇವತ್ತೇ ಬದಲಿಸಿ, ಯಾವ ಕಂಪನಿಯದಾದರೂ ಸರಿ. ಆ ಅಲಾರಂ ಮಾಡುವುದನ್ನೇ ನಿಲ್ಲಿಸುವುದಾಗಿ ಗೂಗಲ್ 2025ರಲ್ಲಿ ಹೇಳಿದೆ.

ಕಾಫಿಪುಡಿ: ಹಳೇದು ಪೂರ್ತಿ ನಿಲ್ಲುತ್ತದಾ ಅಂತ ನನ್ನ ತಮ್ಮ ಕೇಳ್ತಿದ್ದಾನೆ.

ಸ್ಕ್ರೂಡ್ರೈವರ್ ಭಟ್ಟ: ಮೇಲೆ ಓದಿ.

ಹಾಸನದ ಮೇಷ್ಟ್ರು: ರಿವಾಲ್ವ್ ನೆನಪಿದೆಯಾ ಹುಡುಗರೇ? ಮನೆಯ ಲೈಟು, ಬೀಗ ಎಲ್ಲ ಒಂದೇ ಆ್ಯಪ್‌ಗೆ ಜೋಡಿಸುವ, 300 ಡಾಲರ್ ಹತ್ತಿರದ ಹಬ್. 2014ರಲ್ಲಿ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ 15ಕ್ಕೆ ಆ ಹಬ್ಬನ್ನೇ ಸತ್ತ ಡಬ್ಬಿ ಮಾಡಿದರು. ಕೈಯಿಂದ ತಿರುಗಿಸುವುದಕ್ಕೂ ಉಳಿಯಲಿಲ್ಲ.

ಬೇ ಏರಿಯಾ ಹುಡುಗ: ದೊಡ್ಡ ಕಂಪನಿ ಕೊಳ್ಳದಿದ್ದರೆ ಉದ್ಧಾರ ಆಗುತ್ತದಾ? ಕಸ ಗುಡಿಸುವ ರೋಬಾಟ್ ಮಾಡುವ ಐರೋಬಾಟ್ ನೋಡಿ. ಅಮೆಜಾನ್ 2022ರಲ್ಲಿ 170 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತು. ಯುರೋಪಿನವರು ಒಪ್ಪಲಿಲ್ಲ. 2024ರ ಜನವರಿಯಲ್ಲಿ ಕೈಬಿಟ್ಟರು. ಕೆಲಸಗಾರರಲ್ಲಿ ಮೂರನೇ ಒಂದು ಭಾಗದಷ್ಟು ಜನ ಮನೆಗೆ ಹೋದರು. 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ. ನಿಮ್ಮಂಥವರ ಮಾತು ಕೇಳಿ ಆದದ್ದು ಇದು.

ಹಾಸನದ ಮೇಷ್ಟ್ರು: ನನ್ನ ಮಾತು ಯುರೋಪ್ ಕೇಳುತ್ತದೆ ಅಂತ ಇವತ್ತೇ ಗೊತ್ತಾಗಿದ್ದು. ಅದೇ ಅಮೆಜಾನ್ ಕೊಂಡ, ಮನೆ ಕ್ಯಾಮೆರಾ ಮಾಡುವ ರಿಂಗ್ ಬಗ್ಗೆಯೂ ಹೇಳಿ. ಕೆಲಸಗಾರರು ಜನರ ಮನೆಯ ವಿಡಿಯೊ ನೋಡಿದ್ದಾರೆ ಅನ್ನುವ ದೂರಿಗೆ 2023ರಲ್ಲಿ 58 ಲಕ್ಷ ಡಾಲರ್ ಕೊಡಲು ಒಪ್ಪಿದರು.

ಬೇ ಏರಿಯಾ ಹುಡುಗ: ಆ ದೂರಿನಲ್ಲಿ ಅಮೆಜಾನ್ ಕೊಳ್ಳುವ ಮೊದಲಿನ ಕಥೆಯೂ ಇದೆ. ಪೂರ್ತಿ ಓದಿ, ಆಮೇಲೆ ಪಾಠ ಮಾಡಿ.

ಹಾಸನದ ಮೇಷ್ಟ್ರು: 35 ವರ್ಷ ಪಾಠ ಮಾಡಿದವನಿಗೆ ಹೇಳಬೇಡಪ್ಪ.

ಡಲ್ಲಾಸ್ ಗೌಡ್ರು: ಹೀಟ್ ಪಂಪ್ ಭಟ್ಟರೇ?

ಗಾಂಧಿಬಜಾರ್: ಇದು ಫಾರ್ವರ್ಡ್ ಅಲ್ಲ, ಕಾನೂನು: "ನನ್ನ ಮಾಹಿತಿ ಬಳಸಲು ಗೂಗಲ್‌ಗೆ ಒಪ್ಪಿಗೆ ಇಲ್ಲ" ಅಂತ ಸ್ಟೇಟಸ್ ಹಾಕಿದರೆ...

ಸ್ಕ್ರೂಡ್ರೈವರ್ ಭಟ್ಟ: ಸಾರ್, ನಿಮಗೆ ಕೈ ಮುಗಿಯುತ್ತೇನೆ. ಆ್ಯಪ್ ಹಾಕುವಾಗ "ಒಪ್ಪಿದ್ದೇನೆ" ಅಂತ ಒತ್ತಿದ್ದು ನೀವೇ. ಸ್ಟೇಟಸ್ ಓದಿಕೊಂಡು ಯಾವ ಕಂಪನಿಯೂ ಕೂತಿಲ್ಲ.

ಅಡ್ಮಿನ್: ಗಾಂಧಿಬಜಾರ್ ಅವರನ್ನು ಒಂದು ದಿನ ಮ್ಯೂಟ್ ಮಾಡಿದ್ದೇನೆ. ಮೇಷ್ಟ್ರೇ, ಹುಡುಗನೇ, ನಿಮ್ಮಿಬ್ಬರದು ಬೇರೆ ಕಡೆ ಮುಂದುವರಿಸಿ.

ಎಡಿಸನ್ ಸೊಸೆ: ಅಣ್ಣ, ನೀವು ಹೇಳಿದ ಹಾಗೆ ಹಿಸ್ಟರಿ ನೋಡಿದೆ. ದಿನಾ ನಾವು ಹೊರಟು ಅರ್ಧ ಗಂಟೆಯೊಳಗೇ ಇಳಿದಿದೆ! ಮಾವನ ಫೋನ್ ಸೇರಿಸಿದೆ, ಎರಡು ಗಂಟೆ ಚೆನ್ನಾಗಿತ್ತು. ಈಗ ಅವರು ಫೋನ್ ಹಿಡಿದು ವಾಕಿಂಗ್ ಹೋದರು, ನಾವು ಮಾರ್ಕೆಟ್‌ನಲ್ಲಿದ್ದೇವೆ. ಅತ್ತೆ ಫೋನ್ ಮಾಡಿ ಮತ್ತೆ ಚಳಿ ಅಂತಿದ್ದಾರೆ.

ಸ್ಕ್ರೂಡ್ರೈವರ್ ಭಟ್ಟ: ಮಾವನ ಫೋನ್ ಸೇರಿಸಿದರೆ ಸಾಲದು ಅಂತ ಬರೆದಿದ್ದೆ. ಆಫ್ ಮಾಡಿ ಅಂತ ಬರೆದಿದ್ದೆ. ಯಾಕೆ ಯಾರೂ ಪೂರ್ತಿ ಓದುವುದಿಲ್ಲ? ಈಗ ಅತ್ತೆಗೆ ಹೇಳಿ: ಕೆಳಗೆ ಹಾಲ್‌ಗೆ ಬಂದು ಗೋಡೆಯ ಆ ಗುಂಡನೆಯದನ್ನು ಬಲಕ್ಕೆ ತಿರುಗಿಸಲಿ.

ಎಡಿಸನ್ ಸೊಸೆ: ತಿರುಗಿಸಿದರು. "ಓ, ಇಷ್ಟೇನಾ" ಅಂದರು. 72 ಮಾಡಿಟ್ಟಿದ್ದಾರೆ.

ಸ್ಕ್ರೂಡ್ರೈವರ್ ಭಟ್ಟ: ಬಿಡಿ, ಇರಲಿ. ನನಗೆ ಕೆಲಸಕ್ಕೆ ಕರೆ ಬಂದಿದೆ, ಹೊರಟೆ.

ಡಲ್ಲಾಸ್ ಗೌಡ್ರು: ಹೀಟ್ ಪಂಪ್?

ಕಾಫಿಪುಡಿ: ಮೇಲೆ ಅಂದರೆ ಎಷ್ಟನೇ ಮೆಸೇಜ್ ಭಟ್ಟರೇ?